ಕೊಡೆಕಡ್ಡಿಗೊಂದು ಹಿಡಿ

ಕಳೆದ ಆಯುಧಪೂಜೆಯ ಹಿಂದಿನ ದಿನ ಅಟ್ಟದಿಂದ ತಗಡಿನ ಪೆಟ್ಟಿಗೆಯನ್ನು ಇಳಿಸಿ, ಸುತ್ತಿಗೆ, ಇಕ್ಕಳ, ಉಳಿ, ಅರಗಳನ್ನೆಲ್ಲ ಒರೆಸಿ ಮಣೆಯ ಮೇಲೆ ಜೋಡಿಸುತ್ತಿದ್ದೆ. ಪೆಟ್ಟಿಗೆಯ ತಳದಲ್ಲಿ, ಹಳೆಯ ಪತ್ರಿಕೆಯ ಹಾಳೆಯಲ್ಲಿ ಸುತ್ತಿಟ್ಟ ಒಂದು ಪುಟ್ಟ ಸಲಕರಣೆ ಕೈಗೆ ಸಿಕ್ಕಿತು. ಕೊಡೆಯ ಕಡ್ಡಿಯೊಂದನ್ನು ಕಲ್ಲಿಗೆ ತೇಯ್ದು ತೆಳುವಾಗಿಸಿ, ತುದಿಯನ್ನು ತುಸುವೇ ಬಾಗಿಸಿ ಮಾಡಿದ ಕೊಕ್ಕೆ. ಅದಕ್ಕೊಂದು ಬೆರಳುದ್ದದ ಬಿದಿರಿನ ಹಿಡಿ. ಕಡ್ಡಿ ಬಿದಿರಿನೊಳಗೆ ಅಲುಗದಂತೆ ಅರಗು ತುಂಬಿದೆ. ಮೊಮ್ಮಗಳು ಪಕ್ಕದಲ್ಲಿ ಕುಳಿತು ಕುಂಕುಮವನ್ನು ಕಲಸುತ್ತಿದ್ದಳು.

“ಅಜ್ಜ, ಇದು ಯಾವುದಕ್ಕೆ?”

“ಬೀಗದ ಕೈ ಕಳೆದುಹೋದಾಗ ಬೀಗ ತೆಗೆಯೋದಕ್ಕೆ.”

“ಹಾಗಾದರೆ ಕಳ್ಳರದ್ದಾ?”

ಮಗುವಿನ ಪ್ರಶ್ನೆಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಮೂವತ್ತು ವರ್ಷಗಳಿಗೂ ಮಿಕ್ಕಿ ಇತಿಹಾಸವನ್ನು ಪಾಠ ಮಾಡಿದವನಿಗೆ ಒಂದು ಚಟವಿರುತ್ತದೆ. ಉತ್ತರ ಹೊಳೆಯದಿದ್ದರೆ ಹಿಂದೆ ಯಾರಾದರೂ ಇದೇ ಪ್ರಶ್ನೆಯನ್ನು ಎದುರಿಸಿದ್ದರೇ ಎಂದು ಹುಡುಕುವುದು. ಎದುರಿಸಿದ್ದರು. ಅವರ ಕಥೆಯನ್ನು ಮೊದಲು ಹೇಳಿ, ಆಮೇಲೆ ಈ ಬಿದಿರಿನ ಹಿಡಿಯ ಕಥೆಗೆ ಬರುತ್ತೇನೆ.

ಅದಕ್ಕೂ ಮುಂಚೆ ಹಿಡಿಯ ಬಗ್ಗೆ ಎರಡು ಮಾತು. ನಮ್ಮ ಭಾಷೆಯಲ್ಲಿ ಬೀಗವನ್ನು ತೆರೆಯುವ ವಸ್ತುವಿಗೆ ಬೀಗದ ‘ಕೈ’ ಎಂದು ಹೆಸರು. ಉತ್ತರ ಕರ್ನಾಟಕದ ಕಡೆ ಬೀಗಕ್ಕೇ ಕೀಲಿ ಎನ್ನುತ್ತಾರೆ, ಅದನ್ನು ತೆರೆಯುವುದು ಕೀಲಿಕೈ. ಎರಡೂ ಕಡೆ ಕೈ ಮಾತ್ರ ತಪ್ಪಿಲ್ಲ. ಬೀಗದ ಸಣ್ಣ ರಂಧ್ರದೊಳಗೆ ನಮ್ಮ ಬೆರಳು ಹೋಗಲಾರದು. ಆದುದರಿಂದ ನಮ್ಮ ಪರವಾಗಿ ಒಂದು ಲೋಹದ ಕೈ ಒಳಗೆ ಹೋಗುತ್ತದೆ ಎಂಬುದು ಈ ಹೆಸರಿನ ಹಿಂದಿನ ಕಲ್ಪನೆಯಿರಬೇಕು ಎಂದು ನನಗೆ ತೋರುತ್ತದೆ. ಹಾಗಾದರೆ ಕೊಕ್ಕೆಗೆ ಹಾಕುವ ಹಿಡಿ ಎಂದರೆ ಕೈಗೂ ಕೈಗೂ ನಡುವಿನ ಸಂಧಿ.

ಹಿಡಿಯಿಲ್ಲದ ಉಪಕರಣ ಎಷ್ಟು ಕಷ್ಟ ಕೊಡುತ್ತದೆಂಬುದು ಅರವನ್ನು ಬರಿಗೈಯಲ್ಲಿ ಹಿಡಿದು ಉಜ್ಜಿದವರಿಗೆಲ್ಲ ಗೊತ್ತು. ಅದರ ಚೂಪಾದ ಬಾಲ ಅಂಗೈಯನ್ನು ಚುಚ್ಚುತ್ತದೆ. ಅಂಗಡಿಯಲ್ಲಿ ಅರ ಒಂದೇ ಸಿಗುತ್ತದೆ, ಹಿಡಿಯನ್ನು ಕೊಂಡವನೇ ಹೊಂದಿಸಿಕೊಳ್ಳಬೇಕು. ನಮ್ಮ ತಂದೆಯವರು ಮುಸುಕಿನ ಜೋಳದ ಒಣಗಿದ ದಿಂಡನ್ನೇ ಅರಕ್ಕೆ ಹಿಡಿಯಾಗಿ ಸಿಕ್ಕಿಸುತ್ತಿದ್ದರು. ಒಂದು ಸವೆದರೆ ಇನ್ನೊಂದು. ಕುಡುಗೋಲಿಗಾದರೆ ಬಾಲವನ್ನು ಕೆಂಪಗೆ ಕಾಯಿಸಿ ಮರದ ಹಿಡಿಯೊಳಗೆ ಇಳಿಸುವುದು, ಸಡಿಲವಾದರೆ ಅರಗು ಕರಗಿಸಿ ತುಂಬುವುದು. ಇವೆಲ್ಲ ಬಲದ ಕೆಲಸದ ಹಿಡಿಗಳು.

ಬೀಗ ತೆಗೆಯುವ ಕೊಕ್ಕೆಯ ಹಿಡಿ ಬೇರೆ ಜಾತಿಯದು. ಅಲ್ಲಿ ಬಲವನ್ನು ಬಳಸಿದರೆ ಕೆಲಸ ಕೆಡುತ್ತದೆ. ಬೀಗದೊಳಗೆ ಸನ್ನೆಗಳೋ ಪಿನ್ನುಗಳೋ ಸಾಲಾಗಿ ಕುಳಿತಿರುತ್ತವೆ. ಸರಿಯಾದ ಬೀಗದ ಕೈ ಅವನ್ನೆಲ್ಲ ಒಂದೇ ಸಲಕ್ಕೆ ಸರಿಯಾದ ಎತ್ತರಕ್ಕೆ ಏರಿಸುತ್ತದೆ. ಬೀಗದ ಕೈ ಇಲ್ಲದವನು ಒಂದೊಂದನ್ನಾಗಿ ಏರಿಸಬೇಕು. ಅದು ಸಾಧ್ಯವಾಗುವುದಕ್ಕೆ ಕಾರಣ ಮನುಷ್ಯನ ಕೈಕೆಲಸದ ಅಪೂರ್ಣತೆ. ಎಷ್ಟೇ ನಾಜೂಕಾಗಿ ಮಾಡಿದರೂ ಸನ್ನೆಗಳೆಲ್ಲ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಸಾಲಾಗಿರುವುದಿಲ್ಲ. ಒಂದು ಸಲಾಕೆಯಿಂದ ಅಗುಳಿಯನ್ನು ಮೆಲ್ಲಗೆ ಒತ್ತಿ ಹಿಡಿದರೆ ಆ ಒತ್ತಡವೆಲ್ಲ ಮೊದಲು ಒಂದೇ ಸನ್ನೆಯ ಮೇಲೆ ಬೀಳುತ್ತದೆ. ಅದನ್ನು ಇನ್ನೊಂದು ಕೊಕ್ಕೆಯಿಂದ ಹುಡುಕಿ ಏರಿಸಿದರೆ, ಸರಿಯಾದ ಜಾಗಕ್ಕೆ ಬಂದಾಗ ಕೇಳಿಯೂ ಕೇಳಿಸದಂಥ ಸಣ್ಣ ಮಿಡಿತ. ಆಮೇಲೆ ಒತ್ತಡ ಮುಂದಿನದರ ಮೇಲೆ. ಒಂದು ಕೈಗೆ ಒತ್ತುವ ಕೆಲಸ, ಇನ್ನೊಂದಕ್ಕೆ ಹುಡುಕುವ ಕೆಲಸ. ಆ ಮಿಡಿತವನ್ನು ಬೆರಳಿಗೆ ತಲುಪಿಸುವುದೇ ಹಿಡಿ ಮಾಡಬೇಕಾದ ಕಾರ್ಯ. ಗಟ್ಟಿ ಹಿಡಿಯಾದರೆ ಮಿಡಿತ ಬೆರಳಿಗೆ ಬರುತ್ತದೆ, ಮೆತ್ತನೆಯ ಹಿಡಿಯಾದರೆ ಬೆರಳಿಗೆ ಸುಖ, ಆದರೆ ಸುದ್ದಿ ಅಲ್ಲಿಯೇ ಸತ್ತುಹೋಗುತ್ತದೆ.

ಇನ್ನು ಕಥೆಗೆ ಬರೋಣ. 1851ರ ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಲಂಡನ್ನಿನ ಹೈಡ್ ಪಾರ್ಕಿನ ಗಾಜಿನ ಅರಮನೆಯಲ್ಲಿ ನಡೆದ ಮಹಾ ಪ್ರದರ್ಶನವನ್ನು ಒಂಬತ್ತನೆಯ ತರಗತಿಯಲ್ಲಿ ನನ್ನಿಂದ ಪಾಠ ಹೇಳಿಸಿಕೊಂಡವರು ಮರೆತಿರಲಾರಿರಿ. ಅರವತ್ತು ಲಕ್ಷಕ್ಕೂ ಹೆಚ್ಚು ಪ್ರವೇಶಗಳನ್ನು ಕಂಡ ಪ್ರದರ್ಶನವದು. ಎರಡೇ ವರ್ಷಗಳ ಹಿಂದೆ ಪಂಜಾಬಿನಿಂದ ಕಿತ್ತುಕೊಂಡ ಕೊಹಿನೂರ್ ವಜ್ರವೂ ಅಲ್ಲಿತ್ತು. ಅದನ್ನು ಇಟ್ಟಿದ್ದ ಪಂಜರವನ್ನು ಮಾಡಿಕೊಟ್ಟವರು ಚಬ್ ಎಂಬ ಬೀಗದ ಕಂಪನಿಯವರು. (ಪರರ ಮನೆಯಿಂದ ತಂದ ವಸ್ತುವಿಗೆ ಇಷ್ಟು ಭದ್ರವಾದ ಪಂಜರ! ತರಗತಿಯಲ್ಲಿ ಇದನ್ನು ಹೇಳಿದಾಗಲೆಲ್ಲ ಹಿಂದಿನ ಬೆಂಚಿನವರು ನಗುತ್ತಿದ್ದರು.)

ಆ ಕಾಲದ ಇಂಗ್ಲೆಂಡಿನಲ್ಲಿ ಎರಡು ಬೀಗಗಳಿಗೆ ಸಾಟಿಯಿಲ್ಲವೆಂಬ ನಂಬಿಕೆಯಿತ್ತು. ಮೊದಲನೆಯದು ಜೋಸೆಫ್ ಬ್ರಾಮಾ ಎಂಬಾತ 1784ರಲ್ಲಿ ಪೇಟೆಂಟ್ ಪಡೆದ ಬೀಗ. ಈತ ಯಾರ್ಕ್‌ಷೈರಿನ ರೈತನ ಮಗ. ನೀರಿನ ಒತ್ತಡದಿಂದ ನಡೆಯುವ ಹೈಡ್ರಾಲಿಕ್ ಪ್ರೆಸ್ಸನ್ನು ಕಂಡುಹಿಡಿದವನೂ ಇವನೇ. ಈ ಬೀಗದ ಬಿಡಿಭಾಗಗಳು ಎಷ್ಟು ನಿಖರವಾಗಿರಬೇಕಿತ್ತೆಂದರೆ ಬರೀ ಕೈಕೆಲಸದಿಂದ ಅದು ಸಾಧ್ಯವಿರಲಿಲ್ಲ. ಹೆನ್ರಿ ಮಾಡ್ಸ್ಲೆ ಎಂಬ ತರುಣ ಅದಕ್ಕೆಂದೇ ಯಂತ್ರಗಳನ್ನು ರಚಿಸಿಕೊಟ್ಟ. ಯಂತ್ರಗಳನ್ನು ಮಾಡುವ ಯಂತ್ರಗಳ ಚರಿತ್ರೆಯಲ್ಲಿ ಮಾಡ್ಸ್ಲೆಯ ಹೆಸರು ದೊಡ್ಡದು. ಅವನ ಪಾಠಶಾಲೆ ಈ ಬೀಗದ ಕಾರ್ಖಾನೆ. ಬ್ರಾಮಾ ಕಂಪನಿಯವರು ಪಿಕಡಿಲಿ ಬೀದಿಯ 124ನೇ ನಂಬರಿನ ಅಂಗಡಿಯ ಕಿಟಕಿಯಲ್ಲಿ ಒಂದು ಬೀಗವನ್ನು ತೂಗುಹಾಕಿ, ಇದನ್ನು ತೆರೆಯಬಲ್ಲ ಸಾಧನವನ್ನು ಮಾಡಿದವನಿಗೆ 200 ಗಿನಿ ಬಹುಮಾನವೆಂದು ಫಲಕ ಬರೆಸಿದ್ದರು. ದಶಕಗಳು ಉರುಳಿದರೂ ಆ ಹಣವನ್ನು ಯಾರೂ ಗೆದ್ದಿರಲಿಲ್ಲ.

ಎರಡನೆಯದು ಚಬ್ ಬೀಗ. 1817ರಲ್ಲಿ ಪೋರ್ಟ್ಸ್‌ಮತ್ ಹಡಗುಕಟ್ಟೆಯಲ್ಲಿ ಕಳ್ಳತನವಾದ ಮೇಲೆ, ತನ್ನದೇ ಬೀಗದ ಕೈಯಿಂದಲ್ಲದೆ ಬೇರಾವುದರಿಂದಲೂ ತೆರೆಯಲಾಗದ ಬೀಗ ಬೇಕೆಂದು ಸರ್ಕಾರ ಬಹುಮಾನವನ್ನು ಘೋಷಿಸಿತು. ಜೆರಮಯ ಚಬ್ 1818ರಲ್ಲಿ ಅಂಥದೊಂದನ್ನು ರಚಿಸಿದ. ಯಾರಾದರೂ ಕಳ್ಳಗೈ ಹಾಕಿ ಒಂದು ಸನ್ನೆಯನ್ನು ಹೆಚ್ಚು ಎತ್ತಿದರೆ ಅದು ಮೇಲೆಯೇ ಸಿಕ್ಕಿಕೊಳ್ಳುತ್ತಿತ್ತು. ಯಜಮಾನ ತನ್ನ ಬೀಗದ ಕೈ ಹಾಕಿದಾಗ ಅದು ತಿರುಗದೆ, ಯಾರೋ ಕೈಯಾಡಿಸಿದ್ದಾರೆಂದು ಗೊತ್ತಾಗುತ್ತಿತ್ತು. ಸೆರೆಹಡಗಿನಲ್ಲಿದ್ದ, ವೃತ್ತಿಯಿಂದ ಬೀಗ ಮಾಡುವವನಾಗಿದ್ದ ಒಬ್ಬ ಕೈದಿಗೆ ಈ ಬೀಗವನ್ನು ತೆರೆದರೆ ಬಿಡುಗಡೆ ಮತ್ತು 100 ಪೌಂಡು ಎಂದು ಆಸೆ ತೋರಿಸಲಾಯಿತು. ಎರಡು ಮೂರು ತಿಂಗಳು ಹೆಣಗಿ ಅವನು ಕೈಚೆಲ್ಲಿದ. ಆ ಕೈದಿಯ ಮನಸ್ಸನ್ನು ನಾನು ಅನೇಕ ಸಲ ಊಹಿಸಿಕೊಂಡಿದ್ದೇನೆ. ಬಿಡುಗಡೆಯೇ ಕಬ್ಬಿಣದ ಡಬ್ಬಿಯೊಳಗೆ ಕುಳಿತಿದೆ, ಬೆರಳು ಅಲ್ಲಿಗೆ ಮುಟ್ಟುತ್ತಿಲ್ಲ.

ಈ ಇಬ್ಬರ ಗರ್ವಭಂಗ ಮಾಡಿದವನು ಅಮೆರಿಕದ ಆಲ್ಫ್ರೆಡ್ ಚಾರ್ಲ್ಸ್ ಹಾಬ್ಸ್. 1812ರಲ್ಲಿ ಬಾಸ್ಟನ್ನಿನಲ್ಲಿ ಹುಟ್ಟಿದ ಈತ ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡು ಹತ್ತಾರು ಕಸುಬುಗಳನ್ನು ಮಾಡಿದವನು. ಗಾಜು ಕೊರೆಯುವ ಕೆಲಸದಲ್ಲಿದ್ದಾಗ ಬಾಗಿಲಿನ ಗಾಜಿನ ಗುಂಡುಹಿಡಿಗಳನ್ನು ಭದ್ರವಾಗಿ ಕೂಡಿಸುವ ವಿಧಾನವೊಂದನ್ನು ಕಂಡುಕೊಂಡ. ಆ ದಾರಿಯಲ್ಲೇ ಬೀಗಗಳತ್ತ ಬಂದ. ಹಿಡಿಯಿಂದ ಬೀಗಕ್ಕೆ ಬಂದವನು ಎನ್ನಬಹುದು! ನ್ಯೂಯಾರ್ಕಿನ ಡೇ ಅಂಡ್ ನ್ಯೂವೆಲ್ ಕಂಪನಿಯ ಬೀಗವನ್ನು ಪ್ರದರ್ಶನದಲ್ಲಿಡಲು ಅವನು ಲಂಡನ್ನಿಗೆ ಹೊರಟಾಗ ಜೊತೆಗೆ ಉಪಕರಣಗಳ ಪೆಟ್ಟಿಗೆಯೊಂದಿತ್ತು. ಅದನ್ನು ಕಂಡ ಸುಂಕದವರು ತನ್ನನ್ನು ಕಳ್ಳನೆಂದು ಭಾವಿಸಬಾರದೆಂದು ನ್ಯೂಯಾರ್ಕಿನ ಪೊಲೀಸ್ ಮುಖ್ಯಸ್ಥರಿಂದ ಒಂದು ಪತ್ರವನ್ನು ಪಡೆದುಕೊಂಡಿದ್ದ. ಈ ಪತ್ರದ ಸಂಗತಿಯನ್ನು ನೆನಪಿಡಿ.

1851ರ ಜುಲೈ 22ರಂದು, ವೆಸ್ಟ್‌ಮಿನ್‌ಸ್ಟರಿನ ಗ್ರೇಟ್ ಜಾರ್ಜ್ ಬೀದಿಯ ಮನೆಯೊಂದರಲ್ಲಿ, ಸಾಕ್ಷಿದಾರರ ಎದುರು, ಹಾಬ್ಸ್ ಚಬ್ ಬೀಗವನ್ನು 25 ನಿಮಿಷಗಳಲ್ಲಿ ತೆರೆದ. ಮತ್ತೆ ಮುಚ್ಚಲು 7 ನಿಮಿಷ. ಕಳ್ಳನನ್ನು ತೋರಿಸಿಕೊಡಲೆಂದು ಇಟ್ಟ ಆ ಎಚ್ಚರಿಕೆಯ ಸಾಧನವೇ, ಯಾವ ಸನ್ನೆ ಎಷ್ಟು ಏರಬೇಕೆಂಬ ಸುಳಿವನ್ನು ಅವನಿಗೆ ಕೊಟ್ಟಿತೆಂಬುದು ಇಲ್ಲಿನ ಸ್ವಾರಸ್ಯ.

ಬ್ರಾಮಾ ಬೀಗ ಅಷ್ಟು ಸುಲಭವಾಗಿರಲಿಲ್ಲ. ಮೂವರು ತೀರ್ಪುಗಾರರ ಸಮಿತಿಯಾಯಿತು, ಮೂವತ್ತು ದಿನಗಳ ಗಡುವಾಯಿತು. ಬೀಗವನ್ನು ಮರದ ಹಲಗೆಗಳ ನಡುವೆ ಭದ್ರಪಡಿಸಿ, ರಂಧ್ರ ಮಾತ್ರ ಕಾಣುವಂತೆ ಅವನಿಗೆ ಒಪ್ಪಿಸಿದರು. ಒಳಗೆ ಹದಿನೆಂಟು ಜಾರುಪಟ್ಟಿಗಳು. ಅವುಗಳ ಹಿಂದೆ ಬಲವಾದ ಸ್ಪ್ರಿಂಗ್. ಅದನ್ನು ಸತತವಾಗಿ ಒತ್ತಿ ಹಿಡಿಯದಿದ್ದರೆ ಅಲ್ಲಿಯವರೆಗೆ ಮಾಡಿದ ಕೆಲಸವೆಲ್ಲ ವ್ಯರ್ಥ. ಒತ್ತುವುದಕ್ಕೊಂದು ಕೈ, ತಿರುಗಿಸುವುದಕ್ಕೊಂದು ಕೈ. ಹಾಗಾದರೆ ಹುಡುಕುವುದಕ್ಕೆ ಮೂರನೆಯ ಕೈಯನ್ನು ಎಲ್ಲಿಂದ ತರುವುದು? ಹಾಬ್ಸ್ ಆ ಕೈಯನ್ನು ತಾನೇ ಮಾಡಿಕೊಂಡ. ಬೀಗವಿದ್ದ ಮರಕ್ಕೆ ತಿರುಪುಗಳಿಂದ ಒಂದು ಚೌಕಟ್ಟನ್ನು ಬಿಗಿದು, ಒತ್ತುವ ಕೆಲಸವನ್ನು ಅದಕ್ಕೆ ವಹಿಸಿಬಿಟ್ಟ. ಈಗ ಅವನ ಬೆರಳುಗಳು ಹುಡುಕಾಟಕ್ಕೆ ಬಿಡುವಾದವು. ಜುಲೈ 24ರಂದು ಆರಂಭಿಸಿ, ಹದಿನಾರು ದಿನಗಳಲ್ಲಿ ಒಟ್ಟು 51 ಗಂಟೆ ದುಡಿದು, ಆಗಸ್ಟ್ 23ರಂದು ಬೀಗವನ್ನು ತೆರೆದ.

ಬ್ರಾಮಾ ಕಂಪನಿಯವರು 200 ಗಿನಿಗಳನ್ನು ಕೊಟ್ಟರು, ಆದರೆ ಗೊಣಗುತ್ತ ಕೊಟ್ಟರು. ಅವರ ತಕರಾರು ಮುಖ್ಯವಾಗಿ ಆ ಚೌಕಟ್ಟಿನ ಮೇಲೆ. ಯಾವ ಕಳ್ಳ ಪರರ ಬಾಗಿಲಿಗೆ ತಿರುಪು ಹೊಡೆದು, ದಿನಗಟ್ಟಲೆ ನಿರಾತಂಕವಾಗಿ ಕೂರುತ್ತಾನೆ ಎಂದು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಆದರೆ ಅವರ ಫಲಕದಲ್ಲಿ ಕಳ್ಳನ ಮಾತೇ ಇರಲಿಲ್ಲ, ಸಾಧನವನ್ನು ಮಾಡಬಲ್ಲ ಕುಶಲಿಗ ಎಂದಷ್ಟೇ ಇತ್ತು. ಸೋತ ಮೇಲೆ ನಿಯಮ ನೆನಪಾಗುವುದು ಮಕ್ಕಳಾಟದಲ್ಲಷ್ಟೇ ಅಲ್ಲ. ಆ ಬೀಗವನ್ನು ಲಂಡನ್ನಿನ ಸೈನ್ಸ್ ಮ್ಯೂಸಿಯಂ ಕಾಪಾಡಿಕೊಂಡು ಬಂದಿದೆ.

ಜನರಿಗೆ ದಿಗಿಲಾಯಿತು. ಬೀಗದ ದೋಷವನ್ನು ಹೀಗೆ ಬಹಿರಂಗ ಮಾಡಿದರೆ ಕಳ್ಳರಿಗೆ ಪಾಠ ಹೇಳಿಕೊಟ್ಟಂತಾಗದೇ ಎಂದು ಕೇಳಿದರು. ಹಾಬ್ಸ್ ಒದಗಿಸಿದ ಸಾಮಗ್ರಿಯಿಂದ ಚಾರ್ಲ್ಸ್ ಟಾಮ್ಲಿನ್ಸನ್ ಸಂಪಾದಿಸಿ 1853ರಲ್ಲಿ ಪ್ರಕಟವಾದ ಬೀಗಗಳ ಕುರಿತ ಕೈಪಿಡಿ ಈ ಪ್ರಶ್ನೆಯನ್ನೇ ಎತ್ತಿಕೊಂಡು ಉತ್ತರಿಸುತ್ತದೆ. ಕಳ್ಳರು ತಮ್ಮ ಕಸುಬಿನಲ್ಲಿ ನಮಗಿಂತ ಮುಂದಿದ್ದಾರೆ, ಅವರಿಗೆ ಹೊಸದಾಗಿ ಕಲಿಸಬೇಕಾದ್ದೇನಿಲ್ಲ; ತಿಳಿಯದೆ ನಷ್ಟಪಡುವವರು ಬೀಗವನ್ನು ನಂಬಿದ ಸಜ್ಜನರು ಎಂಬುದು ಅದರ ವಾದದ ತಿರುಳು. ಮುಂದಿನ ವರ್ಷ ಲಂಡನ್ನಿನ ಸಿವಿಲ್ ಎಂಜಿನಿಯರುಗಳ ಸಂಸ್ಥೆ ಹಾಬ್ಸನ ಪ್ರಬಂಧಕ್ಕೆ ಟೆಲ್ಫರ್ಡ್ ಪದಕವನ್ನು ಕೊಟ್ಟು ಗೌರವಿಸಿತು. ಅವನು ಲಂಡನ್ನಿನಲ್ಲೇ ಬೀಗದ ಕಂಪನಿಯನ್ನು ಸ್ಥಾಪಿಸಿ, 1860ರಲ್ಲಿ ತಾಯ್ನಾಡಿಗೆ ಮರಳಿ, 1891ರಲ್ಲಿ ತೀರಿಕೊಂಡ. ಅಂದಹಾಗೆ, ಅವನು ಸಾಟಿಯಿಲ್ಲವೆಂದು ಮೆರೆಸಿದ ಅಮೆರಿಕದ ಬೀಗವನ್ನು ಅದೇ ದಶಕದಲ್ಲಿ ಲೈನಸ್ ಯೇಲ್ ಎಂಬ ಕಿರಿಯ ತೆರೆದು ತೋರಿಸಿದ. ನಿಮ್ಮ ಮನೆಯ ಮುಂಬಾಗಿಲಿನ ಚಪ್ಪಟೆ ಬೀಗದ ಕೈಯನ್ನು ನೋಡಿ. ಅದರ ಮೂಲ ಈ ಯೇಲ್ 1861 ಮತ್ತು 1865ರಲ್ಲಿ ಪೇಟೆಂಟ್ ಪಡೆದ ಪಿನ್ನಿನ ಬೀಗದಲ್ಲಿದೆ.

ಹಾಬ್ಸನಿಗೆ ಪದಕ ಸಿಕ್ಕಿತು. ಎಲ್ಲರಿಗೂ ಸಿಗುವುದಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಲಾಸ್ ಅಲಮೋಸಿನ ಅಣುಬಾಂಬ್ ಯೋಜನೆಯಲ್ಲಿದ್ದ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ನರಿಗೆ ಬೀಗ ತೆಗೆಯುವ ಹವ್ಯಾಸವಿತ್ತು. ತಮ್ಮ ನೆನಪುಗಳ ಪುಸ್ತಕದಲ್ಲಿ ಅವರು ಹೇಳಿಕೊಂಡಿರುವ ಒಂದು ಪ್ರಸಂಗ: ಓಕ್ ರಿಡ್ಜಿನಲ್ಲಿ ಒಬ್ಬ ಕರ್ನಲ್ಲರ ಭಾರೀ ತಿಜೋರಿಯನ್ನು ಅವರ ಕಣ್ಣೆದುರೇ ತೆರೆದು, ಬಾಗಿಲು ತೆರೆದಿಟ್ಟುಕೊಂಡು ಕೂತರೆ ಅದರ ಅಂಕಿಗಳನ್ನು ಯಾರು ಬೇಕಾದರೂ ಪತ್ತೆಹಚ್ಚಬಹುದು, ಕೆಲಸ ಮಾಡುವಾಗ ಮುಚ್ಚಿಡಿ ಎಂದು ತಿಳಿಸಿದರು. ಕರ್ನಲ್ಲರು ಎಲ್ಲ ಕಚೇರಿಗಳಿಗೂ ಸುತ್ತೋಲೆಯನ್ನು ಹೊರಡಿಸಿದರು. ತಿಜೋರಿಯನ್ನು ಮುಚ್ಚಿಡಿ ಎಂದಲ್ಲ. ಫೈನ್‌ಮನ್ ನಿಮ್ಮ ಕೋಣೆಗೆ ಬಂದಿದ್ದರೆ ಅಂಕಿಗಳನ್ನು ಬದಲಾಯಿಸಿ ಎಂದು! ಮುಂದೆ ಅವರು ಹೋದಲ್ಲೆಲ್ಲ ಜನ ಗಾಬರಿಯಾಗತೊಡಗಿದರು.

ಇಂದು ಇದು ಹಲವು ದೇಶಗಳಲ್ಲಿ ಬಹಿರಂಗವಾದ ಹವ್ಯಾಸ. ಜರ್ಮನಿಯ ಹ್ಯಾಂಬರ್ಗಿನಲ್ಲಿ 1997ರಲ್ಲಿ ಇದಕ್ಕೊಂದು ಸಂಘವೇ ಹುಟ್ಟಿತು. ತನ್ನದಲ್ಲದ ಬೀಗವನ್ನು ಮುಟ್ಟಬಾರದೆಂಬುದು ಇಂಥ ಸಂಘಗಳ ಮೊದಲ ನಿಯಮ. 1991ರಲ್ಲಿ ಎಂ.ಐ.ಟಿ.ಯ ವಿದ್ಯಾರ್ಥಿವಲಯದಿಂದ ಗುಪ್ತನಾಮದಲ್ಲಿ ಹೊರಬಿದ್ದ ಕೈಪಿಡಿಯೊಂದು ಬೀದಿ ಗುಡಿಸುವ ಯಂತ್ರದ ಉದುರಿದ ಉಕ್ಕಿನ ಕಡ್ಡಿಗಳನ್ನು ಹೆಕ್ಕಿ ಕೊಕ್ಕೆ ಮಾಡಿಕೊಳ್ಳಲು ಹೇಳುತ್ತದೆ. ಕಾರಿನ ವೈಪರಿನೊಳಗಿನ ಪಟ್ಟಿಗೂ ಬೇಡಿಕೆಯಿದೆ. ಹಿಡಿಗೆ ಮರದ ಎರಡು ಚಕ್ಕೆಗಳು, ಬಿಸಿಗೆ ಕುಗ್ಗುವ ಪ್ಲಾಸ್ಟಿಕ್ ಕೊಳವೆ, ಸುತ್ತಿದ ದಾರ, ಹೀಗೆ ಕೈಗೆ ಸಿಕ್ಕಿದ್ದು.

ಇದನ್ನೆಲ್ಲ ನಾನು ಓದಿ ತಿಳಿದದ್ದು ತೀರ ಈಚೆಗೆ. 1987ರಲ್ಲಿ ತಿಳಿದಿರಲಿಲ್ಲ.

ಆಗ ನಾನು ಮಲೆನಾಡಿನ ಒಂದು ಪ್ರೌಢಶಾಲೆಯಲ್ಲಿದ್ದೆ. ಕೆಲಸಕ್ಕೆ ಸೇರಿ ಮೂರು ವರ್ಷವಾಗಿತ್ತು. ಇಲಾಖೆಯ ತಪಾಸಣೆಯ ದಿನ, ನನ್ನ ಪಾಠಕ್ಕೆ ಬೇಕಾದ ಭೂಪಟಗಳೆಲ್ಲ ಅಲ್ಮೇರಾದೊಳಗೆ. ಅದರ ಬೀಗದ ಕೈ ಜವಾನನ ಜೇಬಿನಲ್ಲಿ. ಜವಾನ ನೆಂಟರ ಮದುವೆಯಲ್ಲಿ. ಸುತ್ತಿಗೆ ತನ್ನಿ ಎಂದರು ಮುಖ್ಯೋಪಾಧ್ಯಾಯರು. ಆಗ ಒಂಬತ್ತನೆಯ ತರಗತಿಯ ಒಬ್ಬ ಹುಡುಗ ಎದ್ದು, “ಬೇಡಿ ಸಾರ್, ನಾನು ತೆಗೀತೀನಿ” ಎಂದ. ಅವನ ತಂದೆ ಸಂತೆಯಿಂದ ಸಂತೆಗೆ ತಿರುಗಿ ಕೊಡೆ, ಬೀಗ, ಟಾರ್ಚು ರಿಪೇರಿ ಮಾಡುತ್ತಿದ್ದವರು. ಹುಡುಗ ಚೀಲದಿಂದ ಎರಡು ಕೊಡೆಕಡ್ಡಿಗಳನ್ನು ತೆಗೆದ. ಹಿಡಿಗಳ ಮೇಲೆ ಸೈಕಲ್ ಟ್ಯೂಬಿನ ರಬ್ಬರ್ ಸುತ್ತಿತ್ತು. ಅದನ್ನು ಬಿಚ್ಚಿ ಬದಿಗಿಟ್ಟ. ಏಕೆಂದು ಕೇಳಿದೆ. “ರಬ್ಬರ್ ಇದ್ರೆ ಒಳಗಿನ ಮಾತು ಕೇಳ್ಸಲ್ಲ ಸಾರ್” ಎಂದ. ಹತ್ತು ನಿಮಿಷದೊಳಗೆ ಬೀಗ ಬಾಯಿಬಿಟ್ಟಿತು. ನಾನು ತರಗತಿಯ ಮುಂದೆ ಅವನ ಬೆನ್ನು ತಟ್ಟಿದೆ. ಸ್ಟಾಫ್ ರೂಮಿನಲ್ಲಿಯೂ ಹೊಗಳಿದೆ. ಒಂದು ವಾರದ ಮೇಲೆ ಅವನು ಹೊಸದಾಗಿ ಮಾಡಿದ, ರಬ್ಬರಿಲ್ಲದ ಇನ್ನೊಂದು ಕೊಕ್ಕೆಯನ್ನು ತಂದುಕೊಟ್ಟ. “ಇದು ನಿಮಗೆ ಸಾರ್. ಹೆಚ್ಚಿಗೆ ಒಂದು ಇರಲಿ.”

ನಾಲ್ಕು ತಿಂಗಳ ನಂತರ ವಾರ್ಷಿಕೋತ್ಸವಕ್ಕೆಂದು ಕೂಡಿಸಿದ್ದ ಆರುನೂರ ಚಿಲ್ಲರೆ ರೂಪಾಯಿ ಕಚೇರಿಯ ಮೇಜಿನ ಖಾನೆಯಿಂದ ಕಾಣೆಯಾಯಿತು. ಬೀಗ ಮುರಿದಿರಲಿಲ್ಲ. ಮುರಿದಿಲ್ಲವೆಂಬುದೇ ಹುಡುಗನ ವಿರುದ್ಧ ಸಾಕ್ಷಿಯಾಯಿತು. ಆ ಖಾನೆಯ ಬೀಗದ ಕೈ ಗೋಡೆಯ ಕ್ಯಾಲೆಂಡರಿನ ಹಿಂದೆ ಮೊಳೆಗೆ ತೂಗುತ್ತಿದ್ದುದು ನಮಗೆಲ್ಲ ಗೊತ್ತಿತ್ತು. ಅದನ್ನು ಯಾರೂ ಹೇಳಲಿಲ್ಲ. ನಾನೂ ಹೇಳಲಿಲ್ಲ. ಬೀಗ ತೆಗೆಯುವ ಕೊಕ್ಕೆಯೊಂದು ನನ್ನ ಮೇಜಿನ ಖಾನೆಯಲ್ಲೂ ಇತ್ತು, ಆದರೆ ನನ್ನನ್ನು ಯಾರೂ ಅನುಮಾನಿಸಲಿಲ್ಲ. ಮೇಷ್ಟರ ಕೆಲಸವೇ ನನ್ನ ಪಾಲಿನ ನ್ಯೂಯಾರ್ಕಿನ ಪತ್ರವಾಗಿತ್ತು. ನನಗಿನ್ನೂ ಪ್ರೊಬೇಷನ್ ಮುಗಿದಿಲ್ಲ, ಹಿರಿಯರ ಸಭೆಯಲ್ಲಿ ಬಾಯಿ ಹಾಕುವುದೇಕೆ ಎಂದು ಆಗ ನನಗೆ ನಾನೇ ಹೇಳಿಕೊಂಡದ್ದು ನೆನಪಿದೆ. ಆ ಹುಡುಗನ ಕೈಚಳಕವನ್ನು ಊರಿಗೆಲ್ಲ ಸಾರಿದವನು ನಾನೇ ಎಂಬುದನ್ನು ಮಾತ್ರ ನೆನಪಿಸಿಕೊಳ್ಳಲಿಲ್ಲ.

ತಂದೆಯನ್ನು ಕರೆಸಿದರು. ಅವರು ರಿಪೇರಿಯ ಪೆಟ್ಟಿಗೆಯನ್ನು ಹೆಗಲಿನಿಂದ ಇಳಿಸದೆ ಜಗಲಿಯಲ್ಲೇ ನಿಂತಿದ್ದರು. ಕುಳಿತುಕೊಳ್ಳಿ ಎಂದು ಯಾರೂ ಅನ್ನಲಿಲ್ಲ. ವರ್ಗಾವಣೆ ಪತ್ರವನ್ನು ಮಡಚಿ ಅಂಗಿಯ ಜೇಬಿಗಿಟ್ಟುಕೊಂಡು ಮಗನನ್ನು ಕರೆದುಕೊಂಡು ಹೋದರು. ಮುಂದಿನ ಮಳೆಗಾಲಕ್ಕೆ ನಮ್ಮೂರ ಸಂತೆಯಲ್ಲಿ ಕೊಡೆ ರಿಪೇರಿಗೆ ಬೇರೆ ಯಾರೋ ಕುಳಿತಿದ್ದರು. ಹಣವನ್ನು ತೆಗೆದವರು ಯಾರೆಂಬುದು ಕೊನೆಗೂ ಇತ್ಯರ್ಥವಾಗಲಿಲ್ಲ.

‘ಕೊಡಲಿ ಕಾವು ಕುಲಕ್ಕೆ ಮೃತ್ಯು’ ಎಂಬ ಗಾದೆಯನ್ನು ಪಾಠ ಮಾಡುವಾಗಲೆಲ್ಲ ನನಗೆ ಈ ಬಿದಿರಿನ ಹಿಡಿ ಕಣ್ಣೆದುರು ಬರುತ್ತಿತ್ತು. ತರಗತಿಯಲ್ಲಿ ಇದನ್ನು ಎಂದೂ ಹೇಳಲಿಲ್ಲ.

ಮೊಮ್ಮಗಳಿಗೆ ಆ ದಿನ, “ಕಳ್ಳರದ್ದಲ್ಲ, ನನ್ನ ವಿದ್ಯಾರ್ಥಿ ಮಾಡಿದ್ದು” ಎಂದೆ. ಹಾಗಾದರೆ ಇದಕ್ಕೂ ಕುಂಕುಮ ಇಡೋಣ ಎಂದು ಸುತ್ತಿಗೆಯ ಪಕ್ಕದಲ್ಲಿ ಇಟ್ಟಳು.

ಆ ಸಾಲಿನಲ್ಲಿ ನನ್ನಲ್ಲಿ ಓದಿದವರಿಗೆ ಈಗ ಐವತ್ತು ದಾಟಿದೆ. ಹೆಸರನ್ನು ಬರೆಯುವುದಿಲ್ಲ, ಯಾರೆಂದು ನಿಮಗೆ ತಿಳಿದಿದೆ. ಅವನು ಎಲ್ಲಿದ್ದಾನೆಂದು ನಿಮ್ಮಲ್ಲಿ ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ಮನೆಗೆ ಬಂದು ತಿಳಿಸಿ, ಅಥವಾ ಫೋನ್ ಮಾಡಿ. ಕೊಕ್ಕೆ ಇನ್ನೂ ಗಟ್ಟಿಯಾಗಿದೆ, ಅರಗು ಬಿಟ್ಟಿಲ್ಲ. ಅದನ್ನು ಅವನ ಕೈಗೇ ಕೊಟ್ಟು, ಕ್ಯಾಲೆಂಡರಿನ ಹಿಂದಿದ್ದ ಬೀಗದ ಕೈಯ ಸಂಗತಿಯನ್ನೂ ಅವನೆದುರು ಹೇಳಬೇಕಾಗಿದೆ.